ಹೊಡೆಯದೆ ಬಿಟ್ಟ ಗುಂಡುಗಳ ಲೆಕ್ಕ

ಚಿಕ್ಕಮಗಳೂರಿನ ನಮ್ಮ ಪುಟ್ಟ ಶೂಟಿಂಗ್ ರೇಂಜಿಗೆ ಬರುವವರಲ್ಲಿ ತೋಟದ ಮನೆಯ ಹುಡುಗರೇ ಜಾಸ್ತಿ. ಕೋವಿ ನೋಡಿಕೊಂಡೇ ಬೆಳೆದವರು. ಅವರ ಕೈಗೆ ಏರ್ ಪಿಸ್ತೂಲ್ ಕೊಟ್ಟರೆ ಮೊದಲು ಒಂಥರಾ ತಾತ್ಸಾರ. ‘ಇದಕ್ಕೆ ಹಂದಿ ಬೀಳತ್ತಾ ಸರ್?’ ಅಂತ ಮೂಡಿಗೆರೆ ಕಡೆಯವನೊಬ್ಬ ಕೇಳಿದ್ದ. ಬೀಳಲ್ಲ ಮಾರಾಯ. ಆದರೆ 10 ಮೀಟರ್ ಆಚೆ ಇರುವ ಟಾರ್ಗೆಟ್‌ನ ನಡುವಿನ, ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ. ಒಂಟಿ ಕೈಯಲ್ಲಿ ಅದಕ್ಕೆ 60 ಸಲ ಹೊಡೆಯಬೇಕು.

ಅದಕ್ಕೆ ಸಿಗುವ ಸಮಯ 75 ನಿಮಿಷ. ಅಂದರೆ ಒಂದು ಗುಂಡಿಗೆ 75 ಸೆಕೆಂಡು. ಗುರಿ ಹಿಡಿಯಲು ಏಳೆಂಟು ಸೆಕೆಂಡು ಸಾಕು. ಸರಿ ಅನ್ನಿಸದಿದ್ದರೆ ಕೈ ಇಳಿಸಿ, ಉಸಿರು ತಗೊಂಡು, ಮತ್ತೆ ಎತ್ತಲು ಬೇಕಾದಷ್ಟು ಹೊತ್ತಿದೆ. ಆದರೂ ಯಾರೂ ಇಳಿಸುವುದಿಲ್ಲ! ಎತ್ತಿದ ಮೇಲೆ ಹೊಡೆಯಲೇಬೇಕು ಅಂತ ಹಟ. ಅಷ್ಟರಲ್ಲಿ ತೋಳು ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ‘ಈಗಲೇ’ ಅಂತ ಬೆರಳು ಟ್ರಿಗರನ್ನು ಗಬಕ್ಕನೆ ಎಳೆಯುತ್ತದೆ. ಮುಂದಿನ ಸೈಟ್, ಅಂದರೆ ಮೂತಿಯ ಮೇಲಿನ ಗುರಿಕಡ್ಡಿ, ಒಂದೇ ಮಿಲಿಮೀಟರ್ ವಾಲಿದರೂ ಟಾರ್ಗೆಟ್‌ನಲ್ಲಿ ಸುಮಾರು ಮೂರು ಸೆಂಟಿಮೀಟರ್ ತಪ್ಪುತ್ತದೆ. ಹತ್ತು ಹೋಗಿ ಏಳಾಗುತ್ತದೆ.

ಅದಕ್ಕೆ ಒಂದು ಡ್ರಿಲ್ ಮಾಡಿದೆ. 20 ಸಲ ಕೈ ಎತ್ತಬೇಕು, ಅದರಲ್ಲಿ 5 ಸಲ ಹೊಡೆಯದೆ ಇಳಿಸಬೇಕು. ಇಳಿಸಿದ್ದಕ್ಕೆಲ್ಲ ಪುಸ್ತಕದಲ್ಲಿ ಒಂದು ಗೀಟು. ಮೂಡಿಗೆರೆಯವನು ಜಾಣ. 15 ಗುಂಡು ಸಾಲಾಗಿ ಹೊಡೆದು, ಕೊನೆಯ ಐದು ಸಲ ಸುಮ್ನೆ ಎತ್ತಿ ಇಳಿಸಿದ! ನಿಯಮ ಬದಲಾಯಿತು. ಈಗ ನಾನೇ, ಅವನ ಬೆರಳು ಟ್ರಿಗರ್ ಒತ್ತಲು ಶುರು ಮಾಡಿದ ಹೊತ್ತಿಗೆ, ‘ಇಳಿಸು’ ಅನ್ನುತ್ತೇನೆ. ಅರ್ಧ ಒತ್ತಿದ ಬೆರಳನ್ನು ವಾಪಸ್ ತರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಮೊದಲ ವಾರ ಹತ್ತಕ್ಕೆ ಆರು ಸಲ ಗುಂಡು ಹಾರಿಯೇ ಬಿಡುತ್ತಿತ್ತು.

ಇನ್ನೊಂದು ಆಟ ಇದೆ. ಪೆಲೆಟ್ ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು. ಅದನ್ನು ನಾನೇ ತುಂಬುತ್ತೇನೆ, ಕೆಲವು ಸಲ ತುಂಬುವುದಿಲ್ಲ. ಅವನಿಗೆ ಗೊತ್ತಿರಲ್ಲ. ಖಾಲಿ ಇದ್ದಾಗಲೂ ಮೂತಿ ಕೆಳಗೆ ಕುಕ್ಕಿದರೆ ತಪ್ಪು ಪಿಸ್ತೂಲಿನದಲ್ಲ, ಅಲ್ವಾ? ಹಾಗಂತ ಖಾಲಿ ಇರಬಹುದು ಅಂತ ಮೂತಿ ಅತ್ತಿತ್ತ ತಿರುಗಿಸಿದವರನ್ನು ಅವತ್ತೇ ಮನೆಗೆ ಕಳಿಸುತ್ತೇನೆ.

ಜುಲೈ ಮಳೆಯಲ್ಲಿ ತಗಡಿನ ಮಾಡಿನ ಸದ್ದಿಗೆ ನನ್ನ ‘ಇಳಿಸು’ ಯಾರಿಗೂ ಕೇಳಲ್ಲ. ಆಗ ಟಾರ್ಚ್ ಬೆಳಕೇ ಸಂಜ್ಞೆ. ಅದರಿಂದಲೇ 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ರ‍್ಯಾಪಿಡ್ ಸುತ್ತಿನ ಅಭ್ಯಾಸವೂ ಆಗುತ್ತದೆ. ಅಲ್ಲಿ ತೋಳು 45 ಡಿಗ್ರಿ ಕೆಳಗಿರುತ್ತದೆ, ದೀಪ ಹತ್ತಿದಾಗ ಎತ್ತಿ ಒಂದು ಗುಂಡು ಹೊಡೆಯಲು 3 ಸೆಕೆಂಡು, ಆಮೇಲೆ 7 ಸೆಕೆಂಡು ಬಿಡುವು. ಹೊಡೆಯದೆ ಬಿಟ್ಟ ಗುಂಡಿಗೆ ಸೊನ್ನೆ. ಅಲ್ಲಿ ನನ್ನ ಇಳಿಸುವ ಪಾಠ ನಡೆಯಲ್ಲ, ಒಪ್ಪಿಕೊಳ್ಳಬೇಕು. ಎಷ್ಟು ಅಲುಗಾಟಕ್ಕೆ ಹೊಡೆಯಬಹುದು ಅನ್ನುವುದನ್ನು ಕೈ ಎತ್ತುವ ಮೊದಲೇ ತೀರ್ಮಾನಿಸಿರಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ವಿಚಾರಿಸಿಕೊಂಡು ಬರುವ ಅಪ್ಪ ಅಮ್ಮಂದಿರು ಹೆಚ್ಚಾಗಿದ್ದಾರೆ. ‘ಸ್ಕೋರ್ ಎಷ್ಟು ಬಂತು?’ ಅಂತ ಕೇಳುತ್ತಾರೆ. ನಾನು ಗೀಟಿನ ಪುಸ್ತಕ ತೋರಿಸಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೊನ್ನೆ ಪೂರ್ತಿ 60 ಗುಂಡಿನ ಅಭ್ಯಾಸ ಇತ್ತು. 47ನೆಯದಕ್ಕೆ ಮೂಡಿಗೆರೆಯ ಹುಡುಗ ಮೂರು ಸಲ ಎತ್ತಿ ಇಳಿಸಿದ. ನಾನು ಬಾಯಿ ಬಿಟ್ಟಿರಲಿಲ್ಲ. ನಾಲ್ಕನೇ ಸಲ ಹೊಡೆದ. ‘ಇಷ್ಟು ಮಾಡಿದರೂ ಒಂಬತ್ತೇ ಸರ್’ ಅಂತ ಗೊಣಗುತ್ತಲೇ ಪುಸ್ತಕ ತೆಗೆದು ಮೂರು ಗೀಟು ಎಳೆದ.