ಸಾಕು ಎನ್ನದ ಇಲಿ, ಲೆಪ್ಟಿನ್ ಸೂಜಿ

ದಪ್ಪಗಿರುವವರಿಗೆ ಪುಕ್ಕಟೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. "ಸ್ವಲ್ಪ ಬಾಯಿ ಕಟ್ಟು" ಅಂದುಬಿಟ್ಟರೆ ಮುಗಿಯಿತು. ಆದರೆ ಹಸಿವಿನ ಲಗಾಮು ಇರುವುದು ಮೆದುಳಿನ ತಳದಲ್ಲಿ, ಬಾದಾಮಿ ಗಾತ್ರದ ಹೈಪೋಥಾಲಮಸ್‌ನಲ್ಲಿ. ಇದು ವಿಜ್ಞಾನಿಗಳಿಗೇ ಸುಲಭಕ್ಕೆ ಗೊತ್ತಾಗಲಿಲ್ಲ.

1901ರಲ್ಲಿ ವಿಯೆನ್ನಾದ ವೈದ್ಯ ಆಲ್ಫ್ರೆಡ್ ಫ್ರೋಲಿಶ್ ಒಬ್ಬ ಹುಡುಗನ ಬಗ್ಗೆ ಬರೆದರು. ಅವನಿಗೆ ವಿಪರೀತ ಬೊಜ್ಜು, ಪಿಟ್ಯುಟರಿ ಗ್ರಂಥಿಯ ಹತ್ತಿರ ಗಡ್ಡೆ. ತಪ್ಪು ಪಿಟ್ಯುಟರಿಯದ್ದು ಎಂದು ಕೆಲವರು, ಅದರ ಮೇಲಿರುವ ಹೈಪೋಥಾಲಮಸ್‌ನದ್ದು ಎಂದು ಇನ್ನು ಕೆಲವರು ದಶಕಗಳ ಕಾಲ ವಾದಿಸಿದರು. 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್ ಎಂಬಿಬ್ಬರು ಪಿಟ್ಯುಟರಿಯನ್ನು ಮುಟ್ಟದೆ ಇಲಿಗಳ ಹೈಪೋಥಾಲಮಸ್‌ನ ಒಂದು ಚೂರನ್ನು ಮಾತ್ರ ಹಾಳು ಮಾಡಿದರು. ಇಲಿಗಳು ಊದಿಕೊಂಡವು.

ಮುಂದಿನ ಹೆಜ್ಜೆ ಇಟ್ಟವರು ಭಾರತದವರು. ದೆಹಲಿಯಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಬಾಲಕೃಷ್ಣ ಆನಂದ್, ಜಾನ್ ಬ್ರೋಬೆಕ್ ಜೊತೆ ಸೇರಿ 1951ರಲ್ಲಿ ಹೈಪೋಥಾಲಮಸ್‌ನ ಎರಡೂ ಪಕ್ಕಗಳಲ್ಲಿ ಒಂದು ಪುಟ್ಟ ಜಾಗ ಗುರುತಿಸಿದರು. ಅದು ಹಾಳಾದರೆ, ಎದುರಿಗೆ ಊಟ ಇದ್ದರೂ ಇಲಿ ಮುಟ್ಟುವುದಿಲ್ಲ. ಉಪವಾಸದಿಂದಲೇ ಸಾಯುತ್ತದೆ. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಶಾಸ್ತ್ರ ವಿಭಾಗ ಕಟ್ಟಿದರು. ಈ ಹೆಸರು ನಮ್ಮವರಿಗೆ ಇನ್ನೂ ಜಾಸ್ತಿ ಗೊತ್ತಿರಬೇಕಿತ್ತು.

ಸರಿ, ಆದರೆ ಮೈಯಲ್ಲಿ ಎಷ್ಟು ಕೊಬ್ಬಿದೆ ಅನ್ನೋದು ಮೆದುಳಿಗೆ ಹೇಗೆ ಗೊತ್ತಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ. ಅಲ್ಲಿ ಹುಟ್ಟಿನಿಂದಲೇ ಜೀನ್ ದೋಷವಿದ್ದು ಡುಮ್ಮಗಾಗುವ ಎರಡು ಜಾತಿಯ ಸುಂಡಿಲಿಗಳಿದ್ದವು. ಒಂದಕ್ಕೆ 'ಓಬಿ' ಎಂದು ಹೆಸರು, ಇನ್ನೊಂದಕ್ಕೆ 'ಡಿಬಿ'. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಇವುಗಳನ್ನು ಜೋಡಿ ಜೋಡಿಯಾಗಿ ಚರ್ಮದ ಬಳಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಸೇರುವಂತೆ ಮಾಡಿದರು. ಕೇಳಲು ಕಸಿವಿಸಿಯಾಗುತ್ತದೆ, ನಿಜ. ಆದರೆ ಫಲಿತಾಂಶ ನೋಡಿ. ಡಿಬಿ ಜೊತೆ ಸೇರಿಸಿದ ಮಾಮೂಲಿ ಇಲಿ ಊಟ ಬಿಟ್ಟು ಸತ್ತಿತು. ಡಿಬಿ ಜೊತೆ ಓಬಿಯನ್ನು ಸೇರಿಸಿದಾಗಲೂ ಅದೇ ಆಯಿತು: ಡುಮ್ಮ ಓಬಿ ತಿನ್ನುವುದನ್ನೇ ನಿಲ್ಲಿಸಿತು. ಡಿಬಿಗೆ ಮಾತ್ರ ಏನೂ ಆಗಲಿಲ್ಲ. ಓಬಿಯನ್ನು ಮಾಮೂಲಿ ಇಲಿಗೆ ಜೋಡಿಸಿದರೆ ಓಬಿಯ ಹಸಿವು ತಗ್ಗಿತು. ಕೋಲ್ಮನ್ ಲೆಕ್ಕ ಹಾಕಿದರು: ಓಬಿಗೆ 'ಸಾಕು' ಎನ್ನುವ ಹಾರ್ಮೋನೇ ಇಲ್ಲ. ಡಿಬಿಯಲ್ಲಿ ಅದು ಬೇಕಾದಷ್ಟಿದೆ, ಮೆದುಳಿಗೆ ಕೇಳಿಸುತ್ತಿಲ್ಲ.

ಆ ಹಾರ್ಮೋನ್ ಕೈಗೆ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಓಬಿ ಜೀನ್ ಹುಡುಕಿತು, ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಹೈಪೋಥಾಲಮಸ್‌ನಲ್ಲಿ ಅದು ಹಸಿವು ಎಬ್ಬಿಸುವ ನರಕೋಶಗಳನ್ನು ಅಡಗಿಸಿ, ಹಸಿವು ತಣಿಸುವವನ್ನು ಚುರುಕು ಮಾಡುತ್ತದೆ. ಬೊಜ್ಜಿಗೆ ಮದ್ದು ಸಿಕ್ಕೇಬಿಟ್ಟಿತು ಎಂದು ಆಮ್‌ಜೆನ್ ಕಂಪನಿ 2 ಕೋಟಿ ಡಾಲರ್ ಕೊಟ್ಟು ಹಕ್ಕು ಕೊಂಡಿತು.

ಇಂಥ ಆಸೆಗೆ ಕಾರಣವೂ ಇತ್ತು. 1891ರಲ್ಲೇ ಇಂಗ್ಲೆಂಡಿನ ಜಾರ್ಜ್ ಮರ್ರೆ ಥೈರಾಯ್ಡ್ ಕೊರತೆಯ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡ್ ಸಾರ ಕೊಟ್ಟಿದ್ದರು. ಆಕೆ ಇನ್ನೂ 28 ವರ್ಷ ಬದುಕಿದರು. 1922ರಲ್ಲಿ ಇನ್ಸುಲಿನ್ ಬಂತು. ಇಲ್ಲದ ಹಾರ್ಮೋನನ್ನು ಹೊರಗಿನಿಂದ ತುಂಬಿಸಿದರೆ ಪವಾಡವೇ ಆಗುತ್ತದೆ. ಆದರೆ ಅದು ಇಲ್ಲದವರಿಗೆ ಮಾತ್ರ. ಥೈರಾಯ್ಡ್ ಸರಿಯಿದ್ದವರೂ ತೆಳ್ಳಗಾಗಲು ಅದರ ಮಾತ್ರೆ ನುಂಗಿ ಹೃದಯಕ್ಕೆ ತೊಂದರೆ ತಂದುಕೊಂಡದ್ದುಂಟು.

ಲೆಪ್ಟಿನ್‌ನಲ್ಲೂ ಹೀಗೇ ಆಯಿತು. 1997ರಲ್ಲಿ ಕೇಂಬ್ರಿಡ್ಜ್‌ನ ಸದಫ್ ಫಾರೂಕಿ, ಸ್ಟೀಫನ್ ಓ'ರಾಹಿಲಿ ಮತ್ತು ಸಂಗಡಿಗರು ಪಾಕಿಸ್ತಾನ ಮೂಲದ ಇಬ್ಬರು ಮಕ್ಕಳ ವಿಷಯ ಪ್ರಕಟಿಸಿದರು. ಹುಡುಗಿಗೆ 8 ವರ್ಷ, ತೂಕ 86 ಕಿಲೋ. ರಕ್ತದಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದಿನಾ ಲೆಪ್ಟಿನ್ ಇಂಜೆಕ್ಷನ್ ಶುರು ಮಾಡಿದ ಮೇಲೆ ಹಸಿವು ಹತೋಟಿಗೆ ಬಂತು, ಒಂದು ವರ್ಷದಲ್ಲಿ 16 ಕಿಲೋ ಇಳಿಯಿತು. ಆ ಮಗುವಿಗೆ ಬಾಯಿ ಕಟ್ಟು ಅಂದಿದ್ದರೆ ಆಗುತ್ತಿತ್ತಾ?

ಬೊಜ್ಜಿರುವ ಉಳಿದವರಲ್ಲಿ ಬಹುತೇಕರ ಸ್ಥಿತಿ ಉಲ್ಟಾ. ಅವರಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಲೆಪ್ಟಿನ್ನೂ ಜಾಸ್ತಿ. ಮೆದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇನ್ನಷ್ಟು ಚುಚ್ಚಿದರೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೊನೆಗೆ 2014ರಲ್ಲಿ ಅಮೆರಿಕ ಲೆಪ್ಟಿನ್ ಔಷಧಿಗೆ ಒಪ್ಪಿಗೆ ಕೊಟ್ಟಿದ್ದು ಯಾರಿಗೆ ಗೊತ್ತಾ? ಮೈಯಲ್ಲಿ ಕೊಬ್ಬೇ ನಿಲ್ಲದ ಲಿಪೊಡಿಸ್ಟ್ರೋಫಿ ಎಂಬ ಕಾಯಿಲೆಯವರಿಗೆ. ಕೊಬ್ಬಿಲ್ಲದ ಮೇಲೆ ಲೆಪ್ಟಿನ್ ಎಲ್ಲಿಂದ ಬರಬೇಕು, ಅಲ್ವಾ? ಲೆಪ್ಟಿನ್ ಸಂದೇಶವನ್ನು ಹಿಡಿಯುವ ಗ್ರಾಹಕವೇ (ರಿಸೆಪ್ಟರ್) ಕೆಟ್ಟಿರುವ, ಅಂದರೆ ಡಿಬಿ ಇಲಿಯಂಥ ಸ್ಥಿತಿಯ ರೋಗಿಗಳಿಗೆ 2020ರಲ್ಲಿ ಸೆಟ್‌ಮೆಲನೊಟೈಡ್ ಬಂತು. ಅದು ಲೆಪ್ಟಿನ್ ದಾರಿಯ ಮುಂದಿನ ಕೊಂಡಿಯ ಮೇಲೆ ನೇರವಾಗಿ ಕೆಲಸ ಮಾಡುತ್ತದೆ.

ಈ ಜೀನ್ ದೋಷಗಳು ತೀರಾ ಅಪರೂಪ. ಆದರೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಯಿಲೆಯಾಗುವ ಕಾರಣ, ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಸಾಧ್ಯತೆ ಹೆಚ್ಚು. ಸೋದರಮಾವ, ಅತ್ತೆ ಮಗ ಎಂದು ಮದುವೆ ಮಾಡುವ ಕರ್ನಾಟಕದಲ್ಲಿ ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹುಟ್ಟುವಾಗ ಮಾಮೂಲಿ ತೂಕವಿದ್ದ ಮಗು ಕೆಲವೇ ತಿಂಗಳಲ್ಲಿ ಎಷ್ಟು ತಿಂದರೂ ಸಾಲದೆ ಅಳುತ್ತಾ, ತೂಕ ಸರಸರ ಏರುತ್ತಿದ್ದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಬೇಕು. ಅವರು ರಕ್ತದ ಲೆಪ್ಟಿನ್ ಮಟ್ಟ ನೋಡಿ, ಬೇಕಾದರೆ ಜೀನ್ ಪರೀಕ್ಷೆಗೆ ಬರೆದುಕೊಡುತ್ತಾರೆ.