ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಮರಳಬಹುದೇ?

ಪ್ರಶ್ನೆ: ಒಂಟಿ ಎಂಜಿನ್ನಿನ ವಿಮಾನದಲ್ಲಿ ತರಬೇತಿ ಪಡೆಯುತ್ತಿದ್ದೇನೆ. 400–500 ಅಡಿ ಏರಿದಾಗ ಎಂಜಿನ್ ಕೈಕೊಟ್ಟರೆ ನೇರ ಮುಂದಕ್ಕೇ ಇಳಿಸಬೇಕು ಅನ್ನುತ್ತಾರೆ. ರನ್‌ವೇ ಬೆನ್ನ ಹಿಂದೆಯೇ ಇರುವಾಗ ತಿರುಗಿಸಿಕೊಂಡು ಬರಬಾರದೇಕೆ?

ಉತ್ತರ: ಆ ಎತ್ತರದಲ್ಲಿ ತಿರುಗಬೇಡಿ. ರನ್‌ವೇ ಹತ್ತಿರ ಕಂಡರೂ ಅಲ್ಲಿಗೆ ಸೇರಲು ಬೇಕಾದಷ್ಟು ಎತ್ತರ ನಿಮ್ಮ ಬಳಿ ಇರುವುದಿಲ್ಲ.

ಅರ್ಧ ಸುತ್ತು ತಿರುಗಿದರೆ ಸಾಲದು. 70 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ 45 ಡಿಗ್ರಿ ವಾಲಿಸಿ ತಿರುಗಿದರೂ, 180 ಡಿಗ್ರಿ ಮುಗಿಯುವಾಗ ವಿಮಾನ ರನ್‌ವೇಯ ನೇರದಿಂದ ಸುಮಾರು 260 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಇನ್ನೂ 30–40 ಡಿಗ್ರಿ ತಿರುಗಿ ರನ್‌ವೇಯತ್ತ ಬರಬೇಕು, ಆಮೇಲೆ ಅಷ್ಟೇ ಕೋನ ವಿರುದ್ಧ ದಿಕ್ಕಿಗೆ ತಿರುಗಿ ನೇರವಾಗಬೇಕು. ಇದಕ್ಕೆಲ್ಲ ಮೊದಲು, ಎಂಜಿನ್ ನಿಂತಿದೆ ಎಂದು ಮನಸ್ಸು ಒಪ್ಪಿಕೊಳ್ಳುವಷ್ಟರಲ್ಲೇ ನಾಲ್ಕೈದು ಸೆಕೆಂಡು ಕಳೆದಿರುತ್ತದೆ. ಏರುತ್ತಿದ್ದ ವಿಮಾನದ ಮೂತಿ ಮೇಲಕ್ಕೇ ಇರುವುದರಿಂದ ಆ ಹೊತ್ತಿನಲ್ಲಿ ವೇಗ ಬೇಗಬೇಗ ಬೀಳುತ್ತದೆ.

ಜೀವ ತೆಗೆಯುವುದು ಸ್ಟಾಲ್, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿಯನ್ನು ರೆಕ್ಕೆ ಥಟ್ಟನೆ ಕಳೆದುಕೊಳ್ಳುವುದು. ವಿಮಾನವನ್ನು ವಾಲಿಸಿದಷ್ಟೂ ಸ್ಟಾಲ್ ಆಗುವ ವೇಗ ಏರುತ್ತದೆ. ತರಬೇತಿಗೆ ಬಳಸುವ ಸೆಸ್ನಾ 172ಎಸ್ ವಿಮಾನ ಪೂರ್ತಿ ತೂಕದಲ್ಲಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ಇಳಿಸದೆ ಮಟ್ಟಸವಾಗಿ ಹಾರುವಾಗ 48 ನಾಟ್‌ಗೆ ಸ್ಟಾಲ್ ಆಗುತ್ತದೆ. 45 ಡಿಗ್ರಿ ವಾಲಿದರೆ 57ಕ್ಕೆ, 60 ಡಿಗ್ರಿಯಲ್ಲಿ 68ಕ್ಕೆ. ಇಂಥ ಸಂದರ್ಭಕ್ಕೆ ಕೈಪಿಡಿ ಹೇಳುವ ಗ್ಲೈಡ್ ವೇಗವೇ (ಎಂಜಿನ್ ಇಲ್ಲದೆ ತೇಲಿಕೊಂಡು ಇಳಿಯುವ ವೇಗ) 70 ನಾಟ್. ನೆಲ ಮೇಲೆದ್ದು ಬರುವುದನ್ನು ಕಂಡಾಗ ಕೈ ತಾನಾಗಿ ಸ್ಟಿಕ್ ಎಳೆಯುತ್ತದೆ, ತಿರುವು ಬೇಗ ಮುಗಿಯಲೆಂದು ಕಾಲು ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತುತ್ತದೆ. ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸ್ಪಿನ್‌ಗೆ ಬೀಳುತ್ತದೆ, ಅಂದರೆ ಗಿರಗಿರನೆ ಸುತ್ತುತ್ತ ಕೆಳಗೆ ಬೀಳುತ್ತದೆ. ಅದರಿಂದ ಹೊರಬರಲು 400 ಅಡಿ ಸಾಲುವುದಿಲ್ಲ.

ಗಾಳಿಯ ಲೆಕ್ಕವನ್ನೂ ನೋಡಿ. 60 ನಾಟ್ ವೇಗದಲ್ಲಿ 10 ನಾಟ್ ಎದುರುಗಾಳಿಗೆ ಇಳಿದರೆ ನೆಲದ ಮೇಲಿನ ವೇಗ 50 ನಾಟ್. ತಿರುಗಿ ಬಂದರೆ ಅದೇ ಗಾಳಿ ಬೆನ್ನಿಗೆ ಬಂದು 70 ಆಗುತ್ತದೆ, ಅಪ್ಪಳಿಸುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಇನ್ನೊಂದು ಕಡೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನ 9 ಜಿ (ಗುರುತ್ವದ ಒಂಬತ್ತು ಪಟ್ಟು) ಮೀರದೆ ನಿಲ್ಲಲು ಮೂರು ಮೀಟರಿಗಿಂತ ಕಡಿಮೆ ಜಾಗ ಸಾಕು. ಹತೋಟಿಯಲ್ಲಿದ್ದು, ರೆಕ್ಕೆ ಮಟ್ಟಸವಾಗಿ ಇಳಿದವರು ಒರಟು ನೆಲದಲ್ಲೂ ಸಾಮಾನ್ಯವಾಗಿ ಬದುಕುತ್ತಾರೆ. ವಿಮಾನ ಹಾಳಾದರೆ ಆಗಲಿ.

ಹಾಗಾದರೆ ಮಾಡಬೇಕಾದ್ದು: ಮೊದಲು ಮೂತಿ ತಗ್ಗಿಸಿ, ಗ್ಲೈಡ್ ವೇಗ ಹಿಡಿಯಿರಿ. ಮೂತಿಯ ಎಡಬಲಕ್ಕೆ ಸುಮಾರು 30 ಡಿಗ್ರಿಯೊಳಗೆ ಕಾಣುವ ಬಯಲನ್ನು ಆರಿಸಿಕೊಳ್ಳಿ. ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ) ಕಟ್ ಆಫ್, ಇಂಧನ ಬಂದ್, ಇಗ್ನಿಷನ್ ಬಂದ್, ಬೇಕಾದಷ್ಟು ಫ್ಲ್ಯಾಪ್, ಆಮೇಲೆ ಮಾಸ್ಟರ್ ಸ್ವಿಚ್ (ವಿದ್ಯುತ್ತಿನ ಮುಖ್ಯ ಸ್ವಿಚ್) ಬಂದ್. ಬಾಗಿಲಿನ ಚಿಲಕ ಮೊದಲೇ ತೆಗೆದಿಡಿ. ನೆಲಕ್ಕೆ ತಾಗಿ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ರೇಡಿಯೊ ಕೊನೆಗೆ, ಪುರುಸೊತ್ತು ಉಳಿದರೆ ಮಾತ್ರ.

ಯಾವ ಎತ್ತರದಿಂದ ತಿರುಗಬಹುದು ಎಂಬುದನ್ನು ನಿಮ್ಮ ವಿಮಾನದಲ್ಲೇ ಅಳೆಯಬೇಕು. ಬೋಧಕರ ಜೊತೆ, ನೆಲದಿಂದ 3000 ಅಡಿಗಿಂತ ಮೇಲೆ, ಏರುವ ವೇಗದಲ್ಲಿದ್ದಾಗ ಥ್ರಾಟಲ್ ಅನ್ನು ಐಡಲ್‌ಗೆ, ಅಂದರೆ ಎಂಜಿನ್ನಿನ ಅತಿ ಕಡಿಮೆ ಶಕ್ತಿಗೆ, ತನ್ನಿ. ನಾಲ್ಕು ಸೆಕೆಂಡು ಎಣಿಸಿ, ಮೂತಿ ತಗ್ಗಿಸಿ, ಎರಡೂ ತಿರುವು ಮುಗಿಸಿ ಕಳೆದ ಎತ್ತರ ನೋಡಿ. ಅದಕ್ಕೆ ಅರ್ಧದಷ್ಟು ಸೇರಿಸಿ. 600 ಅಡಿ ಕಳೆದರೆ ನಿಮ್ಮ ಗಡಿ 900. ಐಡಲ್‌ನಲ್ಲಿ ತಿರುಗುವ ಎಂಜಿನ್ ಸ್ವಲ್ಪವಾದರೂ ನೆರವಾಗುತ್ತದೆ, ನಿಜವಾಗಿ ನಿಂತಾಗ ಆ ನೆರವೂ ಇರದು. ಗಡಿ ದಾಟಿದ ಮಾತ್ರಕ್ಕೆ ರನ್‌ವೇ ಸಿಗುತ್ತದೆಂದೂ ಅಲ್ಲ. ಬಿಸಿಲಿನ ದಿನ, ಭಾರ ಹೊತ್ತ ವಿಮಾನ ನಿಧಾನ ಏರುತ್ತದೆ. 900 ಅಡಿ ಮುಟ್ಟುವಷ್ಟರಲ್ಲಿ ಗ್ಲೈಡ್‌ಗೆ ಎಟುಕದಷ್ಟು ದೂರ ಹೋಗಿರುತ್ತದೆ.

ಪ್ರತಿ ಟೇಕಾಫ್‌ಗೂ ಮುನ್ನ, ಒಬ್ಬರೇ ಇದ್ದರೂ, ಬಾಯಿಬಿಟ್ಟು ಹೇಳಿಕೊಳ್ಳಿ: ರನ್‌ವೇ ಉಳಿದಿದ್ದರೆ ಅದರ ಮೇಲೇ ನಿಲ್ಲಿಸುತ್ತೇನೆ, 900 ಅಡಿಯ ಕೆಳಗೆ ಎದುರಿನ ಬಯಲು, ಅದರ ಮೇಲೆ ತಿರುಗುವುದಾದರೆ ಅಡ್ಡಗಾಳಿ ಬರುತ್ತಿರುವ ಕಡೆಗೆ. ಗಾಳಿಗೆ ಎದುರಾಗಿ ತಿರುಗಿದರೆ ಅದು ವಿಮಾನವನ್ನು ರನ್‌ವೇಯತ್ತ ತಳ್ಳುತ್ತದೆ.