21 ದಿನದ ಲೆಕ್ಕ ಬಿಡಿ, ಗೂಟ ಹುಡುಕಿ

ನಮ್ಮಮ್ಮ ಐವತ್ತು ವರ್ಷದಿಂದ ರಂಗೋಲಿ ಹಾಕುತ್ತಿದ್ದಾರೆ. ಒಂದು ಸಲ ನನ್ನ ತಂಗಿ ಫೋನ್ ಮಾಡಿ, "ಅಮ್ಮಾ, ನೀನು ಹಬ್ಬಕ್ಕೆ ಹಾಕ್ತೀಯಲ್ಲ ದೊಡ್ಡ ತಾವರೆ, ಅದಕ್ಕೆ ಎಷ್ಟು ಚುಕ್ಕಿ?" ಅಂತ ಕೇಳಿದಳು. ಅಮ್ಮ ಬಾಯಿ ತೆರೆದರು, ಉತ್ತರ ಬರಲಿಲ್ಲ. "ಇರು, ಹಾಕಿ ಹೇಳ್ತೀನಿ" ಅಂದವರೇ ಅಡುಗೆಮನೆಯ ನೆಲದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚುಕ್ಕಿ ಇಡಲು ಕೂತರು. ಬೆರಳು ಎಲ್ಲೂ ತಡವರಿಸಲಿಲ್ಲ. ಇಟ್ಟು ಮುಗಿಸಿ, ಒಂದೊಂದಾಗಿ ಎಣಿಸಿ ಹೇಳಿದರು: "15 ಚುಕ್ಕಿ, 8ಕ್ಕೆ ನಿಲ್ಲಿಸು, ಮಧ್ಯೆ ಚುಕ್ಕಿ." ಬಾಯಿಗೆ ಗೊತ್ತಿಲ್ಲದ ಲೆಕ್ಕ ಬೆರಳಿಗೆ ಗೊತ್ತಿತ್ತು.

ಅಭ್ಯಾಸದ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನಗೆ ತುಂಬ ಇಷ್ಟವಾದ ವಿಷಯ ಇದೇ. ನಮ್ಮ ಛಲ, ಹೊಸ ವರ್ಷದ ಸಂಕಲ್ಪ, "ನಾಳೆಯಿಂದ ನೋಡು" ಅನ್ನುವ ಮಾತು ಇವೆಲ್ಲ ಇರುವ ಮನೆಯಲ್ಲಿ ಅಭ್ಯಾಸ ಇರುವುದೇ ಇಲ್ಲ. ಮಿದುಳಿನಲ್ಲಿ ಅದರ ಮನೆ ಬೇರೆ. ಆದರೆ ಕೆಲಸದಲ್ಲಿ ಶಿಸ್ತು ತರಲು ನಮಗೆ ಸಿಗುವ ಸಲಹೆಗಳೆಲ್ಲ ಛಲದ ಮನೆಯ ಬಾಗಿಲನ್ನೇ ತಟ್ಟುತ್ತವೆ. ಬೆಳಗ್ಗೆ 5ಕ್ಕೆ ಏಳಿ, ಮನಸ್ಸು ಗಟ್ಟಿ ಮಾಡಿ, 21 ದಿನ ಬಿಡದೆ ಮಾಡಿ, ಆಮೇಲೆ ತಾನಾಗೇ ಆಗುತ್ತೆ ಅಂತ.

ನಾನೂ ಅಂಥ ಒಂದು 21 ದಿನದ ವಾಟ್ಸಾಪ್ ಗುಂಪಿಗೆ ಸೇರಿದ್ದೆ. ದಿನಾ 5ಕ್ಕೆ ಎದ್ದು ಗಡಿಯಾರದ ಫೋಟೊ ಹಾಕಬೇಕು. 21 ದಿನವೂ ಹಾಕಿದೆ. 22ನೇ ದಿನ ಗುಂಪು ಮುಗಿಯಿತು, ಫೋಟೊ ಕೇಳುವವರಿಲ್ಲ, ನಾನು ಎದ್ದಿದ್ದು 7ಕ್ಕೆ. ಅದೇ ಗುಂಪಿನಲ್ಲಿದ್ದ ಗೆಳೆಯನೊಬ್ಬ ಒಂದು ವಾರದ ಮೇಲೆ ಸಿಕ್ಕಿ, "ನನ್ನ ಕೈಲಿ ಏನೂ ಆಗಲ್ಲ ಬಿಡು" ಅಂದ. ಆ ಮಾತು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಅವನಿಗೆ ಕೊಟ್ಟ ಲೆಕ್ಕವೇ ತಪ್ಪು, ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದ.

ಈ 21 ಎಲ್ಲಿಂದ ಬಂತು ನೋಡಿ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು ಸರಿ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಸುಮಾರು 21 ದಿನವಾದರೂ ಬೇಕು ಅಂತ ಅವರಿಗೆ ಕಂಡಿತ್ತು. ಕೈಯೋ ಕಾಲೋ ಕಳೆದುಕೊಂಡವರಿಗೆ ಅದು ಇನ್ನೂ ಇದ್ದ ಹಾಗೆ ಅನ್ನಿಸುವುದೂ ಅಷ್ಟು ದಿನ ಇರುತ್ತದೆ ಅಂತ ಗಮನಿಸಿದ್ದರು. 1960ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅದನ್ನು ಬರೆದರು. ಅವರು ಹೇಳಿದ್ದು "ಕಡಿಮೆಯೆಂದರೆ ಸುಮಾರು 21 ದಿನ" ಅಂತ. ಬಾಯಿಂದ ಬಾಯಿಗೆ ಬರುವಾಗ "ಕಡಿಮೆಯೆಂದರೆ" ಉದುರಿತು, "ಸುಮಾರು" ಉದುರಿತು, ಮೂಗಿನ ಆಪರೇಷನ್ನೂ ಉದುರಿತು. ಉಳಿದದ್ದು ಬರೀ 21.

ನಮಗಂತೂ ಆ ಸಂಖ್ಯೆ ನಂಬಲು ಇನ್ನೂ ಸುಲಭ. ಗಣಪತಿಗೆ 21 ಗರಿಕೆ, 21 ಮೋದಕ ಅಂತ ಚಿಕ್ಕಂದಿನಿಂದ ಎಣಿಸಿದವರು ನಾವು. ಪೂಜೆಯಲ್ಲಿ ಆ ಎಣಿಕೆಗೆ ಅದರದೇ ಚಂದ ಇದೆ, ನಾನು ಅದನ್ನು ತೆಗೆದುಹಾಕುತ್ತಿಲ್ಲ. ಆದರೆ ಸಂಖ್ಯೆಯಲ್ಲೇ ಶಕ್ತಿ ಇದೆ, 21 ಮುಟ್ಟಿದ ಕೂಡಲೇ ಮಿದುಳು ಬದಲಾಗಿಬಿಡುತ್ತದೆ ಅಂತ ಕೋಚಿಂಗ್‌ನವರು ಹೇಳಿ ದುಡ್ಡು ತೆಗೆದುಕೊಳ್ಳುವಾಗ ಅದು ಮೂಢನಂಬಿಕೆಯೇ. ವಿಜ್ಞಾನದ ಅಂಗಿ ಹಾಕಿಕೊಂಡಿದೆ, ಅಷ್ಟೇ.

ನಿಜವಾಗಿ ಎಣಿಸಿ ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು. ಅವರ ಅಧ್ಯಯನ 2010ರಲ್ಲಿ ಅಚ್ಚಾಯಿತು. 96 ಜನ, 12 ವಾರ. ಒಬ್ಬೊಬ್ಬರೂ ಒಂದೇ ಒಂದು ಚಿಕ್ಕ ಕೆಲಸ ಆರಿಸಿಕೊಂಡರು. ಮಧ್ಯಾಹ್ನ ಊಟದ ಜೊತೆ ಒಂದು ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮುಂಚೆ 15 ನಿಮಿಷ ಓಡುವುದು, ಹೀಗೆ. ಯೋಚಿಸದೆ ಆ ಕೆಲಸ ತಾನಾಗೇ ಆಗುವ ಮಟ್ಟಕ್ಕೆ ಬರಲು ಮಧ್ಯದ ಲೆಕ್ಕದಲ್ಲಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ, 12 ವಾರದ ಅಂಕಿಗಳನ್ನು ಮುಂದಕ್ಕೆ ಎಳೆದು ನೋಡಿದ ಗಣಿತ ತೋರಿಸಿತು. ಹಾಗಾಗಿ 66 ಅನ್ನೂ ಹೊಸ ಮಂತ್ರ ಮಾಡಿಕೊಳ್ಳಬೇಡಿ. ಹೆಪ್ಪು ಹಾಕಿದ ಹಾಲು ಎಷ್ಟು ಹೊತ್ತಿಗೆ ಮೊಸರಾಗುತ್ತೆ ಅಂತ ಕೇಳಿದರೆ ಯಾವ ಗೃಹಿಣಿ ಒಂದೇ ಉತ್ತರ ಕೊಡುತ್ತಾಳೆ? ಬೇಸಿಗೆಯೋ ಚಳಿಗಾಲವೋ, ಹಾಲು ಎಷ್ಟು ಬೆಚ್ಚಗಿತ್ತು, ಹೆಪ್ಪು ಹುಳಿಯಾಗಿತ್ತೋ ಇಲ್ಲವೋ, ಎಲ್ಲ ಕೇಳಿಯೇ ಹೇಳುತ್ತಾಳೆ.

ಅದೇ ಅಧ್ಯಯನದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಇನ್ನೊಂದು ಮಾತಿದೆ. ಮಧ್ಯೆ ಒಂದು ದಿನ ತಪ್ಪಿಸಿದರೆ ಏನೂ ಹಾಳಾಗಲಿಲ್ಲ. ವ್ರತಭಂಗದ ಭಯ ಇಲ್ಲಿ ಬೇಡ. ಮೊದಮೊದಲಿನ ದಿನಗಳು ಜಾಸ್ತಿ ಕೆಲಸ ಮಾಡುತ್ತವೆ, ಬರಬರುತ್ತಾ ಏರಿಕೆ ನಿಧಾನವಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. "ಹಾಡ್ತಾ ಹಾಡ್ತಾ ರಾಗ" ಅಂತ ಹಿರಿಯರು ಹೇಳಿದ್ದರಲ್ಲಿ ದಿನದ ಲೆಕ್ಕ ಇರಲಿಲ್ಲ, ಗಮನಿಸಿದ್ದೀರಾ?

ಈಗ ಮಿದುಳಿನ ಒಳಗೆ ಹೋಗೋಣ, ನನಗೆ ರುಚಿ ಇರುವುದೇ ಇಲ್ಲಿ. ಮಿದುಳಿನ ನಡುಭಾಗದ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅನ್ನುವ ನರಕೋಶಗಳ ಗಂಟುಗಳಿವೆ. ನಾನು ಹೇಳಿದ ಅಭ್ಯಾಸದ ಮನೆ ಅದೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆನ್ ಗ್ರೇಬಿಯಲ್ ಅವರ ತಂಡ ಇಲಿಗಳನ್ನು ಇಂಗ್ಲಿಷಿನ ಟಿ ಅಕ್ಷರದಂಥ ಓಣಿಯಲ್ಲಿ ಓಡಿಸಿತು. ಟಕ್ ಅಂತ ಸದ್ದು, ಬಾಗಿಲು ತೆರೆಯುತ್ತದೆ, ಇಲಿ ಓಡಿ ಸರಿಯಾದ ಕಡೆ ತಿರುಗಿದರೆ ತಿನ್ನಲು ಚಾಕೊಲೇಟು. ಹೊಸದರಲ್ಲಿ ಓಟದ ಉದ್ದಕ್ಕೂ ಆ ಗಂಟುಗಳ ಕೋಶಗಳು ಮಿಡಿಯುತ್ತಿದ್ದವು. ಪಾಠ ಕಲಿತ ಮೇಲೆ ಮಿಡಿತ ಶುರುವಿನಲ್ಲಿ ಜೋರು, ಕೊನೆಯಲ್ಲಿ ಜೋರು, ನಡುವೆ ಬಹುಪಾಲು ಮೌನ. ಅಂದರೆ ಇಡೀ ಓಟ ಒಂದೇ ಕಟ್ಟಾಗಿ ಸೇರಿಹೋಗಿತ್ತು.

ಸಂತೆಯಿಂದ ರಾತ್ರಿ ವಾಪಸಾಗುವ ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಎತ್ತನ್ನು ಊರ ದಾರಿಗೆ ತಿರುಗಿಸಿದರೆ ಸಾಕು, ಗಾಡಿಯವನು ಮಲಗಿದರೂ ಮನೆ ಮುಂದೆ ಬಂದು ನಿಲ್ಲುತ್ತದೆ. ಅವನಿಗೆ ಕೆಲಸವಿರುವುದು ಎರಡೇ ಕಡೆ, ಹೊರಡುವಾಗ ಮತ್ತು ನೊಗ ಇಳಿಸುವಾಗ. ಅಥವಾ ಹೂವಿನ ಮಾಲೆ ನೋಡಿ. ಬಿಡಿ ಹೂವನ್ನು ಒಂದೊಂದಾಗಿ ಎತ್ತಬೇಕು, ಕಟ್ಟಿದ ಮಾಲೆಯ ತುದಿ ಹಿಡಿದರೆ ಇಡೀ ಮಾಲೆ ಬರುತ್ತದೆ. ಅಮ್ಮನ ರಂಗೋಲಿಯೂ ಅದೇ. ಮೊದಲ ಚುಕ್ಕಿ ಇಟ್ಟರೆ ಕೊನೆಯ ಎಳೆಯವರೆಗೂ ಬರುತ್ತದೆ, ನಡುವೆ ಬಿಡಿಸಿ ಕೇಳಿದರೆ ಸಿಗುವುದಿಲ್ಲ.

ಕೈಯ ನೆನಪೂ ಮಾತಿನ ನೆನಪೂ ಬೇರೆ ಅನ್ನುವುದು ಗೊತ್ತಾದ ಕಥೆಯೂ ರೇಖೆ ಎಳೆಯುವುದರದ್ದೇ. ಹೆನ್ರಿ ಮೊಲೈಸನ್ ಅನ್ನುವವರಿಗೆ ಮೂರ್ಛೆರೋಗ ತಡೆಯಲು 1953ರಲ್ಲಿ ಮಿದುಳಿನ ಎರಡೂ ಕಡೆ, ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ಸಿನ ದೊಡ್ಡ ಭಾಗ ತೆಗೆದರು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಹೆನ್ರಿಗೆ ಒಂದು ಕೆಲಸ ಕೊಟ್ಟರು: ಕೈ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯುವುದು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಮಾರನೇ ದಿನ ಹೆನ್ರಿಗೆ ತಾನು ಅದನ್ನು ಹಿಂದೆ ಮಾಡಿದ್ದೇ ಗೊತ್ತಿಲ್ಲ!

ಗ್ರೇಬಿಯಲ್ ತಂಡ 2005ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಚಾಕೊಲೇಟು ನಿಲ್ಲಿಸಿದಾಗ ಇಲಿಗಳು ಓಟ ಬಿಟ್ಟವು, ಆ ಮಿಡಿತವೂ ಮಂಕಾಯಿತು. ಮತ್ತೆ ಚಾಕೊಲೇಟು ಇಟ್ಟರು, ಹಳೆ ಮಿಡಿತ ಹಾಗೇ ಎದ್ದು ಬಂತು. ಹಳೆಯದು ಅಳಿಸಿಹೋಗಿರಲಿಲ್ಲ, ಮಲಗಿತ್ತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಬೀದಿಯ ಅಯ್ಯಪ್ಪ ಸ್ವಾಮಿಗಳು. ಮಾಲೆ ಹಾಕಿದವರು 41 ದಿನ ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ಬೀಡಿಯಿಲ್ಲ, ಕುಡಿತವಿಲ್ಲ. ನಿಷ್ಠೆಯಿಂದ ಮಾಡುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ ಕೆಲವರು ವಾರದೊಳಗೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಜನ "ನಾಯಿ ಬಾಲ ಡೊಂಕು" ಅಂದುಬಿಡುತ್ತಾರೆ. ನನಗೆ ಆ ಮಾತು ಅನ್ಯಾಯ ಅನ್ನಿಸುತ್ತದೆ. ಕುತ್ತಿಗೆಯ ಮಾಲೆ, ಕಪ್ಪು ಬಟ್ಟೆ, ಎದುರಾದವರೆಲ್ಲ "ಸ್ವಾಮಿ" ಅಂತ ಕರೆಯುವುದು, ಸಂಜೆಯ ಭಜನೆ, ಇವೆಲ್ಲ ಹೊಸ ನಡತೆಯನ್ನು ಕಟ್ಟಿದ ಗೂಟಗಳು. 41ನೇ ದಿನ ಗೂಟಗಳನ್ನೆಲ್ಲ ಒಟ್ಟಿಗೇ ಕಿತ್ತರು, ಹಳೆ ಗೂಟವಾದ ಅಂಗಡಿ ಅಲ್ಲೇ ಇತ್ತು. ನನ್ನ 5 ಗಂಟೆಯೂ ಹೀಗೇ ಹೋಗಿದ್ದು. ಗಡಿಯಾರದ ಫೋಟೊ ಅದರ ಗೂಟವಾಗಿತ್ತು.

ಮನೋಬಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಘಮ್ಮೆನ್ನುವ ಬಿಸ್ಕತ್ತು ಮುಂದಿದ್ದರೂ ಮೂಲಂಗಿ ಮಾತ್ರ ತಿನ್ನಬೇಕಾದವರು ಆಮೇಲೆ ಬಿಡಿಸಲಾಗದ ಒಗಟನ್ನು ಬೇಗ ಕೈಬಿಟ್ಟರು. ಮನೋಬಲ ಬ್ಯಾಟರಿ ಥರ ಖಾಲಿಯಾಗುತ್ತೆ ಅಂತ ಎಲ್ಲರೂ ನಂಬಿದರು. 2016ರಲ್ಲಿ 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರ ಮೇಲೆ ಅದೇ ವಿಚಾರವನ್ನು ಇನ್ನೊಂದು ಬಗೆಯ ಪರೀಕ್ಷೆಯಿಂದ ನೋಡಿದಾಗ ಆ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಬ್ಯಾಟರಿ ಇದೆಯೋ ಇಲ್ಲವೋ, ದಿನದ ಕೆಲಸವನ್ನು ಅದರ ಮೇಲೆ ನಿಲ್ಲಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಗೂಟದ ಮೇಲೆ ನಿಲ್ಲಿಸಬಹುದು. "ದಿನಾ ಬರೆಯುತ್ತೇನೆ" ಅಂದರೆ ಅದು ಆಸೆ. "ಕಾಫಿ ಲೋಟ ಕೆಳಗಿಟ್ಟ ಕೂಡಲೇ ನೋಟ್‌ಬುಕ್ ತೆರೆಯುತ್ತೇನೆ" ಅಂದರೆ ಅದಕ್ಕೆ ಗೂಟ ಸಿಕ್ಕಿತು. "ಇದು ಆದಾಗ ಅದು ಮಾಡುತ್ತೇನೆ" ಅನ್ನುವ ಈ ಸರಳ ವಾಕ್ಯದ ಮೇಲೆ ಪೀಟರ್ ಗಾಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ 94 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಇದರ ಪರಿಣಾಮ ಚೆನ್ನಾಗೇ ಕಂಡಿತು. ನನ್ನ ಗೂಟ ಸ್ಟೀಲ್ ಲೋಟ. ಅದು ಮೇಜಿಗೆ ತಾಗಿದ ಸದ್ದಾದರೆ ಕೈ ನೋಟ್‌ಬುಕ್ಕಿನ ಕಡೆ ಹೋಗುತ್ತದೆ. ಇವತ್ತು ಮಾಡಲೇಬೇಕಾದ ಒಂದು ಕೆಲಸ ಬರೆಯುತ್ತೇನೆ, ಹತ್ತಲ್ಲ, ಒಂದೇ. ಎದ್ದಿದ್ದು 6ಕ್ಕೋ 7ಕ್ಕೋ ಅನ್ನುವುದು ಈಗ ದೊಡ್ಡ ವಿಷಯವೇ ಅಲ್ಲ.

ಬಿಡಬೇಕಾದ ಅಭ್ಯಾಸಕ್ಕೂ ಇದೇ ದಾರಿ, ತಿರುಗಿಸಿ ಹಿಡಿಯಬೇಕು. ಮನಶ್ಶಾಸ್ತ್ರಜ್ಞರಾದ ವೆಂಡಿ ವುಡ್, ಡೇವಿಡ್ ನೀಲ್ ಮತ್ತು ಅವರ ಜೊತೆಗಾರರು ಸಿನಿಮಾ ಮಂದಿರದಲ್ಲಿ ಜನರಿಗೆ ಒಂದು ವಾರದ ಹಳೆಯ, ಮೆತ್ತಗಾದ ಪಾಪ್‌ಕಾರ್ನ್ ಕೊಟ್ಟರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿಂದೇ ರೂಢಿಯಾದವರು ಅದನ್ನೂ ತಾಜಾ ಪಾಪ್‌ಕಾರ್ನಿನಷ್ಟೇ ತಿಂದರು. ಆದರೆ ರೂಢಿಯಿಲ್ಲದ ಕೈಯಿಂದ ತಿನ್ನಿ ಅಂದಾಗ ರುಚಿ ಗೊತ್ತಾಗಿ ಕಡಿಮೆ ತಿಂದರು. ಸುಮ್ನೆ ಕೈ ಬದಲಾಯಿಸಿದ್ದಕ್ಕೆ ಇಷ್ಟು! ನಾನು ಫೋನನ್ನು ಮೇಜಿನ ಮೇಲಿಂದ ತೆಗೆದು ಪಡಸಾಲೆಯಲ್ಲಿರುವ ಫ್ರಿಜ್ಜಿನ ತಲೆ ಮೇಲೆ ಇಡಲು ಶುರು ಮಾಡಿದೆ. ಎದ್ದು ಹೋಗಿ ಕೈ ಎತ್ತಿ ತೆಗೆಯಬೇಕು. ಆ ಆರು ಹೆಜ್ಜೆಯಲ್ಲಿ ಎಷ್ಟೋ ಸಲ "ಯಾಕೆ ಬಂದೆ?" ಅಂತ ಅನ್ನಿಸಿ ವಾಪಸ್ ಬಂದು ಕೂತಿದ್ದೇನೆ.

ಹೋದ ವರ್ಷ ಅಮ್ಮ ಊರಿನ ಮನೆ ಬಿಟ್ಟು ಬೆಂಗಳೂರಿನ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದರು. ಬಂದ ಮೇಲೆ ಎರಡು ತಿಂಗಳು ರಂಗೋಲಿ ಹಾಕಲೇ ಇಲ್ಲ. ವಯಸ್ಸಾಯ್ತು, ಮನಸ್ಸಿಲ್ಲ ಅಂತ ನಾವಂದುಕೊಂಡೆವು. "ಮನಸ್ಸಿದೆ ಕಣೋ, ನೆನಪೇ ಆಗಲ್ಲ" ಅಂದರು. ಊರಿನಲ್ಲಿ ಅಂಗಳ ಗುಡಿಸಿ ನೀರು ಹಾಕಿದ ಮೇಲೆ ಬೆರಳು ತಾನಾಗೇ ರಂಗೋಲಿ ಡಬ್ಬಿಗೆ ಹೋಗುತ್ತಿತ್ತು. ಇಲ್ಲಿ ಅಂಗಳವೂ ಇಲ್ಲ, ನೀರು ಹಾಕುವ ಹಾಗೂ ಇಲ್ಲ. ಬಾಗಿಲ ಹಿಡಿಗೆ ನೇತುಹಾಕಿದ ಚೀಲದಲ್ಲಿ ಹಾಲಿನವನು ಪ್ಯಾಕೆಟ್ ಹಾಕಿ ಹೋಗುತ್ತಾನಲ್ಲ, ಆ ಚೀಲದೊಳಗೇ ರಂಗೋಲಿ ಡಬ್ಬಿ ಇಡೋಣ ಅಂತ ನಾನು ಹೇಳಿದೆ. ಮೊದಲ ಕೆಲವು ದಿನ ಡಬ್ಬಿಯನ್ನೂ ಹಾಲನ್ನೂ ಒಟ್ಟಿಗೆ ಒಳಗೆ ತಂದುಬಿಡುತ್ತಿದ್ದರು. ಈಗ ಆರೂವರೆಗೆ ಬಾಗಿಲ ಸದ್ದಾಗುತ್ತದೆ, ಆಮೇಲೆ ಐದು ನಿಮಿಷ ಅಮ್ಮ ಒಳಗೆ ಬರುವುದಿಲ್ಲ. ಎದುರು ಮನೆಯ ಹುಡುಗಿ ಸ್ಕೂಲಿಗೆ ಹೊರಡುವಾಗ ಹೊಸ್ತಿಲ ಮುಂದಿನ ಟೈಲ್ಸ್ ಮೇಲೆ ಕೂತು ಚುಕ್ಕಿ ಎಣಿಸುತ್ತಿರುತ್ತಾಳೆ.